ಹಳ್ಳದಾಚೆಯ ಮುಚ್ಚಳ

ಮೇ 7, 2025, ಬುಧವಾರ

ಮೊದಲು ಕ್ಷಮೆ ಕೇಳಿಬಿಡುತ್ತೇನೆ, ಯಾರ ಹತ್ತಿರ ಎಂದು ಗೊತ್ತಿಲ್ಲದಿದ್ದರೂ. ದಿನಚರಿ ಬರೆಯುವಷ್ಟು ಇಂಪಾರ್ಟೆಂಟ್ ಲೈಫ್ ನನ್ನದಲ್ಲ. ಬಿ.ಎಸ್ಸಿ. ಮೊದಲ ವರ್ಷ, ಇಂಟರ್ನಲ್ಸ್‌ನಲ್ಲಿ ಜಸ್ಟ್ ಪಾಸ್. ಕೆಮಿಸ್ಟ್ರಿ ರೆಕಾರ್ಡ್ ಬುಕ್ಕಿನ ಖಾಲಿ ಹಾಳೆಗಳನ್ನು ಇದಕ್ಕೆ ವೇಸ್ಟ್ ಮಾಡುತ್ತಿರುವುದೂ ತಪ್ಪೇ. ಆದರೆ ಬೆಳಗಿನಿಂದ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತಿಲ್ಲ. ಪ್ಯಾನಿಕ್ ಆದಾಗ ಬರೆ, ಯಾರೂ ಓದುವುದಿಲ್ಲ ಎಂದುಕೊಂಡು ಬರೆ ಎಂದು ಕೌನ್ಸೆಲರ್ ಮೇಡಂ ಹೇಳಿದ್ದರು.

ಟಿವಿಯಲ್ಲಿ ಯುದ್ಧ. ಸೈರನ್ ಕೂಗಿದರೆ ಏನು ಮಾಡಬೇಕೆಂದು ತೋರಿಸುತ್ತಿದ್ದಾರೆ. ನಮ್ಮ ಊರಲ್ಲಿ ಸೈರನ್ನೇ ಇಲ್ಲ. ಸಿದ್ದಾಪುರದ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ ಇರುವ ಎಂಬತ್ತು ಮನೆಗಳ ಹಟ್ಟಿಯ ಮೇಲೆ ಯಾರು ಬಾಂಬ್ ಹಾಕುತ್ತಾರೆ ಎಂದು ಅವ್ವ ಕೇಳಿದಳು. ಲಾಜಿಕಲಿ ಸರಿ. ಆದರೆ ನನ್ನ ರೂಮ್‌ಮೇಟ್ ದಿವ್ಯಾಳ ಅಣ್ಣ ಜಮ್ಮುವಿನಲ್ಲಿ ಸಿಪಾಯಿ. ನಿನ್ನೆಯಿಂದ ಅವನ ಫೋನ್ ಸ್ವಿಚ್ ಆಫ್. ನಾನು ಕಳಿಸಿದ ಮೆಸೇಜುಗಳಿಗೆ ದಿವ್ಯಾ ಬರೀ ‘ಹ್ಮ್’ ಎನ್ನುತ್ತಿದ್ದಾಳೆ.

ರಜೆಗೆ ಬಂದು ನಾಲ್ಕು ದಿನ ಆಯಿತು. ಆರನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳು ನಾನು. ಇಲ್ಲಿ ಬೀದಿಗೆ ಹೋದರೆ ಎಲ್ಲರೂ ನನ್ನನ್ನು ಗುರುತಿಸುತ್ತಾರೆ, ನನಗೆ ಯಾರ ಹೆಸರೂ ಬರುವುದಿಲ್ಲ. ಸೋ ಎಂಬಾರಸಿಂಗ್. ಅದಕ್ಕೇ ಹೋಗುವುದಿಲ್ಲ.

ಮೇ 8, ಗುರುವಾರ

ಚಿರಂಜೀವಿ ಅಣ್ಣ ಬಂದಿದ್ದ. ದೊಡ್ಡಪ್ಪನ ಮಗ, ಟ್ರ್ಯಾಕ್ಟರ್ ಓಡಿಸುತ್ತಾನೆ. ಅವನ ಮೊಬೈಲಿಗೊಂದು ಮೆಸೇಜ್ ಬಂದಿದೆ: ದೇಶಕ್ಕೆ ಕಬ್ಬಿಣ ಬೇಕಾಗಿದೆ, ಪ್ರತಿ ಹಳ್ಳಿಯಿಂದ ಹಳೆಯ ಕಬ್ಬಿಣ ಒಟ್ಟುಮಾಡಿ ಕಳಿಸಿ, ಇದನ್ನು ಹತ್ತು ಜನರಿಗೆ ಹಂಚಿ.

“ಇದು ಅಫಿಶಿಯಲ್ಲಾ ಅಣ್ಣಾ? ಯಾರು ಕಳಿಸಿದ್ದು?” ಎಂದೆ.

“ಅಫಿಶಿಯಲ್ಲೋ ಗಿಫಿಶಿಯಲ್ಲೋ, ಕಬ್ಬಿಣ ಕೊಡ್ತೀವಿ ಅಂದ್ರೆ ಬ್ಯಾಡ ಅನ್ನೋರು ಯಾರವ್ವ? ಟ್ರೇಲರ್ ತುಂಬಿಸಿ ಚಳ್ಳಕೆರೆಗೆ ತಗಂಡು ಹೋಗಾಣ. ಅಲ್ಲಿ ಯಾರಿಗೆ ಕೊಡ್ಬೇಕು ಅಂತ ಕೇಳಿದ್ರೆ ಆತು. ನೀನೂ ಬಾ. ಇಂಗ್ಲೀಷ್ ಮೇಡಂ ಜತೆಗಿದ್ರೆ ಜನ ನಂಬ್ತಾರೆ.”

ಹೋಗುವುದಿಲ್ಲ ಎಂದೆ. ಆಮೇಲೆ ದಿವ್ಯಾಳ ‘ಹ್ಮ್’ ನೋಡಿದೆ. ಕೈಕಟ್ಟಿ ಕೂರುವುದಕ್ಕಿಂತ ಏನಾದರೂ ಮಾಡುವುದು ಬೆಟರ್. ನಾಳೆ ಹೋಗುತ್ತೇನೆ.

ಮೇ 9, ಶುಕ್ರವಾರ

ಐ ಕಾಂಟ್ ಬಿಲೀವ್. ಟ್ರೇಲರ್ ಮುಕ್ಕಾಲು ತುಂಬಿತು! ಮುರಿದ ಕುಡುಗೋಲು, ಸೈಕಲ್ ರಿಮ್, ಬಾವಿಯ ರಾಟೆ, ತುಕ್ಕು ಹಿಡಿದ ತಗಡು, ತಳವಿಲ್ಲದ ಬಕೆಟ್ಟು. ಜನ ಮನೆಯೊಳಗೆ ಹೋಗಿ ಹುಡುಕಿ ಹುಡುಕಿ ತಂದುಕೊಟ್ಟರು. ನಾನು ಟ್ರೇಲರಿನಿಂದ ಇಳಿಯಲಿಲ್ಲ. ಬಾಗಿಲ ಮುಂದೆ ನಿಂತು ಕೇಳುವ ಕೆಲಸವನ್ನು ಚಿರಂಜೀವಿ ಅಣ್ಣನೇ ಮಾಡಿದ.

ದೊಡ್ಡ ಮನೆಯ ತಿಪ್ಪೇರುದ್ರಮ್ಮನವರು ಮಾತ್ರ ನನ್ನ ಕೈಗೇ ಕೊಡಬೇಕೆಂದು ಹಟ ಹಿಡಿದರು. ರೊಟ್ಟಿ ಸುಡುವ ಕಬ್ಬಿಣದ ಹಂಚು. ಹೊರಲಾರದಷ್ಟು ಭಾರ.

“ತಗಾ. ನಮ್ಮತ್ತೆ ಕಾಲದ್ದು. ಇದ್ರಾಗೆ ಒಂದೇ ಒಂದು ರೊಟ್ಟಿ ಹರಿದಿಲ್ಲ. ಗುಂಡು ಮಾಡೋರಿಗೆ ಹೇಳು, ತಿಪ್ಪೇರುದ್ರಮ್ಮನ ಹಂಚಿಂದು ಗುರಿ ತಪ್ಪಾದಿಲ್ಲ ಅಂತ.”

ಎಲ್ಲರೂ ನಕ್ಕರು. ನನಗೆ ಕಣ್ಣು ತುಂಬಿ ಬಂತು. ನಮ್ಮ ಮನೆಯಿಂದ ಹೋದದ್ದು ಒಂದು ತೂತು ಬಕೆಟ್ಟು. ನಾನು ಪರ್ಸನಲಿ ಏನೂ ಕೊಟ್ಟಿಲ್ಲ ಅನ್ನಿಸುತ್ತಿತ್ತು.

ಅಕ್ಕಪಕ್ಕದ ಹಟ್ಟಿಗಳನ್ನೆಲ್ಲ ಸುತ್ತಿದೆವು. ಟ್ರ್ಯಾಕ್ಟರ್ ಹಳೆಯದು, ಎರಡು ಕಿಲೋಮೀಟರಿಗೊಮ್ಮೆ ರೇಡಿಯೇಟರ್ ಕಾಯುತ್ತಿತ್ತು. ಹಾಗೆ ಒಂದು ಸಲ ನಿಂತಾಗ, ಅಣ್ಣ ನೀರು ಹುಯ್ಯುತ್ತಿದ್ದ ಹೊತ್ತಿಗೆ ನಾನು ಇಳಿದು ಹೊಲದ ಕಡೆ ಹೋದೆ. ಅಲ್ಲಿ ಸಿಕ್ಕಿತು! ಡಿಸ್ಕ್ ನೇಗಿಲಿನ ದೊಡ್ಡ ತಟ್ಟೆ, ಮೇಲೆ ಒಂದು ಕಲ್ಲು. ಯಾರೋ ಬಿಸಾಡಿ ಹೋಗಿದ್ದಾರೆ. ಕಲ್ಲು ಉರುಳಿಸಿ ತಟ್ಟೆ ಎತ್ತಿದರೆ ಕೆಳಗೆ ಕೊಳೆತ ಗೋಣಿಚೀಲ, ಅದರ ಮೇಲೆ ಒಂದು ಚೇಳು. ಕಿರುಚಿಕೊಂಡು ಹಾರಿದೆ. ಆದರೂ ತಟ್ಟೆ ಬಿಡಲಿಲ್ಲ. ಎದೆಗೆ ಅವುಚಿಕೊಂಡು ಸೆಲ್ಫಿ ತೆಗೆದು ದಿವ್ಯಾಗೆ ಕಳಿಸಿದೆ: ‘ಫಾರ್ ಯುವರ್ ಬ್ರದರ್’. ಅವಳು ಎರಡು ದಿನದಲ್ಲಿ ಮೊದಲ ಸಲ ಒಂದು ಹಾರ್ಟ್ ಕಳಿಸಿದಳು.

ಇವತ್ತು ನನ್ನ ಮೇಲೆ ನನಗೇ ಸ್ವಲ್ಪ ಪ್ರೌಡ್.

ಮೇ 10, ಶನಿವಾರ

ಸಂಜೆ ಟಿವಿಯಲ್ಲಿ ಹೇಳಿದರು. ಕದನವಿರಾಮ. ದಿವ್ಯಾ ಫೋನ್ ಮಾಡಿ ಅತ್ತಳು, ನಾನೂ ಅತ್ತೆ. ಅವಳ ಅಣ್ಣ ಇನ್ನೂ ಮಾತಾಡಿಲ್ಲ, ಆದರೆ ಮಾತಾಡುತ್ತಾನೆ. ಥ್ಯಾಂಕ್ ಗಾಡ್, ಥ್ಯಾಂಕ್ ಗಾಡ್.

ಕಬ್ಬಿಣ ಶಾಲೆಯ ಕಾಂಪೌಂಡಿನಲ್ಲಿ ಗುಡ್ಡೆಯಾಗಿ ಬಿದ್ದಿದೆ.

ಮೇ 11, ಭಾನುವಾರ

ಬೆಳಿಗ್ಗೆ ಏಳಕ್ಕೇ ಶಾಲೆಯ ಮುಂದೆ ಜನ. ಎಲ್ಲರಿಗಿಂತ ಮುಂದೆ ತಿಪ್ಪೇರುದ್ರಮ್ಮನವರು.

“ಯುದ್ಧ ನಿಂತೈತಂತಲ್ಲ. ನಮ್ಮ ಹಂಚು ಕೊಡು.”

“ದೇಶಕ್ಕೆ ಕೊಟ್ಟಿದ್ದು ವಾಪಸ್ ಕೇಳ್ತಾರೇನಮ್ಮಾ?” ಎಂದ ಅಣ್ಣ.

“ದೇಶಕ್ಕೆ ಬೇಕಾದ್ರೆ ಇನ್ನೊಂದ್ಸಲ ಕೇಳ್ಲಿ, ಕೊಡ್ತೀನಿ. ಎಲ್ಡು ದಿನದಿಂದ ನಮ್ಮನಿಯೋರು ಸೊಸೆ ತಂದಿರೋ ಆ ನಾನ್‌ಸ್ಟಿಕ್ ಹಂಚಿನ ರೊಟ್ಟಿ ತಿಂದು ಮುಖ ಊದಿಸ್ಕಂಡು ಕುಂತಾರೆ.”

ನಗು. ಒಬ್ಬರನ್ನು ನೋಡಿ ಇನ್ನೊಬ್ಬರು ತಮ್ಮ ತಮ್ಮ ರಾಟೆ, ಕುಡುಗೋಲು, ತಗಡುಗಳನ್ನು ಎಳೆದುಕೊಂಡರು. ನನ್ನ ರಿಮ್ಮು ನಿನ್ನ ರಿಮ್ಮು ಎಂದು ಒಂದೆರಡು ಜಗಳವೂ ಆಯಿತು. ನನಗೂ ನಗು ಬರುತ್ತಿತ್ತು. ಆಗ ಚಿರಂಜೀವಿ ಅಣ್ಣ ಆ ತಟ್ಟೆಯನ್ನು ಎತ್ತಿ ತಿರುಗಿಸಿದ.

“ಇದು ಯಾರದು?”

ಅಣ್ಣ ಅದರ ಅಂಚನ್ನು ಬೆರಳಿನಿಂದ ಕೆರೆದ.

“ನೋಡ್ರಿಲ್ಲಿ. ಅಂಚಿಗೆಲ್ಲ ಮಣ್ಣು ಮೆತ್ತೈತೆ, ನಡುವೆ ಏನೂ ಇಲ್ಲ. ಇದು ಬೋರ್ ಮುಚ್ಚಿದ್ದ ಡಿಸ್ಕು! ಯಾವನೋ ಪುಣ್ಯಾತ್ಮ ಯುದ್ಧಕ್ಕೆ ಅಂತ ಬತ್ತಿದ ಬೋರಿನ ಮುಚ್ಚಳ ಕಿತ್ತು ಕೊಟ್ಟಾನೆ.” ನಗಲು ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿದ. “ಅಲ್ಲ, ಹಂಗಾದ್ರೆ ಆ ಬೋರು ಈಗ ಬಾಯಿ ತಕ್ಕಂಡು ಕುಂತೈತೆ. ಯಾರು ತಂದಿದ್ದು? ತೇಜೂ, ನೀನು ಟ್ರೇಲರಾಗೇ ಇದ್ಯಲ್ಲ, ಯಾರು ಹಾಕಿದ್ರು?”

“ಗೊತ್ತಿಲ್ಲ ಅಣ್ಣಾ,” ಎಂದೆ.

ಗೊತ್ತಿಲ್ಲ ಅಣ್ಣಾ ಎಂದೆ. ಎರಡು ಸಲ ಬರೆದಿದ್ದೇನೆ. ಅಷ್ಟೂ ಜನರ ಮುಂದೆ ನಿಜ ಹೇಳಲು ಬಾಯಿ ಬರಲಿಲ್ಲ. ಗೋಣಿಚೀಲದ ಕೆಳಗೆ ಏನಿತ್ತು ಎಂದು ನಾನು ನೋಡಿಯೇ ಇಲ್ಲ. ಎಷ್ಟು ಆಳ ಇರುತ್ತದೆ? ಅವ್ವನನ್ನು ಸುಮ್ಮನೆ ಕೇಳಿದಂತೆ ಕೇಳಿದೆ. “ಈ ಕಡೆ ಆರ್ನೂರು ಅಡಿಗೆ ಕಮ್ಮಿ ಯಾರು ಕೊರೆಸ್ತಾರೆ?” ಎಂದಳು. ಮಣ್ಣು ಕುಸಿಯದಂತೆ ಇಳಿಸಿದ್ದ ಕೇಸಿಂಗ್ ಪೈಪನ್ನು ಇನ್ನೊಂದು ಬೋರಿಗೆ ಬೇಕೆಂದು ಕಿತ್ತುಕೊಂಡ ಮೇಲೆ ಬಾಯಿ ಕುಸಿದು ಇನ್ನೂ ಅಗಲ ಆಗುತ್ತದಂತೆ.

ಯಾವ ಹೊಲ ಎಂದು ನೆನಪಾಗುತ್ತಿಲ್ಲ. ನನಗೆ ಎಲ್ಲ ಹೊಲವೂ ಒಂದೇ ಥರ ಕಾಣುತ್ತದೆ. ಕೆಂಪು ಮಣ್ಣು, ಜಾಲಿ, ಬಂಡೆ.

ಮೇ 12, ಸೋಮವಾರ

ಎಲ್ಲವನ್ನೂ ಬರೆಯುತ್ತೇನೆ.

ಬೆಳಿಗ್ಗೆ ಅವ್ವ ಮುದ್ದೆ ತಿರುವುತ್ತಾ ಏನೋ ಹೇಳುತ್ತಿದ್ದಳು, ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. “ದೊಡ್ಡಪಾಲಯ್ಯ ಈ ಸಲ ಕುರಿ ಮಂದೆ ಹಳ್ಳದಾಚೆ ಹಾಕ್ಯಾನಂತೆ. ಜಯದೇವಪ್ಪನೋರ ಹೊಲಕ್ಕೆ ಗೊಬ್ಬರ ಆಗ್ಲಿ ಅಂತ. ಸೊಸೆ ಪಾತಮ್ಮನೂ ಅಲ್ಲೇ ಅವ್ಳಂತೆ, ಕೂಸೂ ಜತೆಗೇ. ಮೂರು ವರ್ಷದ್ದು, ಸೌಂದರ್ಯ ಅಂತ. ಕುರಿಮರಿ ಹಿಂದೆ ಒಂದೇ ಸಮ ಓಡ್ತೈತೆ ಅದು.”

ಊಟದ ತಟ್ಟೆ ಮುಂದಿದ್ದಂತೆಯೇ ಎದ್ದೆ. “ಅವ್ವಾ, ಆ ಬೋರಿನ ಮುಚ್ಚಳ ತೆಗೆದವಳು ನಾನೇ.”

ಅವ್ವ ಮುದ್ದೆಕೋಲನ್ನು ಗಡಿಗೆಯಲ್ಲೇ ಬಿಟ್ಟಳು. ಹೊಡೆಯುತ್ತಾಳೆ ಎಂದುಕೊಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಎಲ್ಲಿ?” ಎಂದಳು.

“ಗೊತ್ತಿಲ್ಲ.”

“ಅಲ್ಲಿ ಏನಿತ್ತು?”

“ಹೊಲ. ಕಲ್ಲು. ಅಷ್ಟೇ ಅವ್ವಾ, ನನಗೆ ಗೊತ್ತಾಗಲ್ಲ…”

“ಅಳಬ್ಯಾಡ. ಫೋಟೋ ತೆಗ್ದಿದ್ಯಾ? ಯಾವಾಗ್ಲೂ ಅದನ್ನೇ ಹಿಡ್ಕಂಡಿರ್ತೀಯಲ್ಲ.”

ಸೆಲ್ಫಿಯಲ್ಲಿ ಮುಕ್ಕಾಲು ನನ್ನ ಮುಖ, ಕೆಳಗೆ ತಟ್ಟೆ. ಕಿವಿಯ ಪಕ್ಕ ಒಂದಿಷ್ಟು ಬಂಡೆ. ಅದರಿಂದ ಏನು ಗೊತ್ತಾಗುತ್ತದೆ ಎಂದುಕೊಂಡೆ. ಅವ್ವ ಫೋನನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ನನ್ನ ಮುಖವನ್ನು ಹೆಬ್ಬೆರಳಿನಿಂದ ಮುಚ್ಚಿಬಿಟ್ಟಳು.

“ಈ ಬಂಡೆ ಕೋಡುಗುಂಡು. ನಮ್ಮೂರಿಂದ ನೋಡಿದ್ರೆ ಒಂದೇ ಕೋಡು ಕಾಣ್ತೈತೆ. ಇಲ್ಲಿ ಎಲ್ಡೂ ಕಾಣ್ತಾವೆ.” ಫೋನನ್ನು ನನ್ನ ಕೈಗೆ ಕೊಟ್ಟಳು. “ಎಲ್ಡೂ ಕಾಣ್ಬೇಕಂದ್ರೆ ಹಳ್ಳದಾಚೆ ನಿಂತಿರ್ಬೇಕು. ಜಯದೇವಪ್ಪನೋರ ಹೊಲದಾಗೆ.”

ಚಿರಂಜೀವಿ ಅಣ್ಣನ ಮನೆಗೆ ಓಡಿದೆವು. ಅವನಿಗೂ ಹೇಳಿದೆ. “ನಿನ್ನೆ ಕೇಳಿದ್ನಲ್ಲ?” ಎಂದ. “ಸುಳ್ಳು ಹೇಳಿದೆ,” ಎಂದೆ. ಅವನು ಬೈಕಿಗೆ ಒದ್ದ. ಅವನ ಹಿಂದೆ ನಾನು, ನನ್ನ ಹಿಂದೆ ಅವ್ವ, ನನ್ನ ಹೊಟ್ಟೆಗೂ ಅವನ ಬೆನ್ನಿಗೂ ನಡುವೆ, ದಾರಿಯಲ್ಲಿ ಶಾಲೆಯಿಂದ ಎತ್ತಿಕೊಂಡ ಆ ತಟ್ಟೆ. ಹಳ್ಳದ ಮರಳಿನಲ್ಲಿ ಬೈಕು ಹೂತಾಗ ಇಳಿದು ತಳ್ಳಿದೆವು.

ದಂಡೆ ಹತ್ತಿದ ಮೇಲೆ ಕಂಡಿತು. ಹೊಲದ ನಡುವೆ ಜನ ಸುತ್ತುಗಟ್ಟಿ ನಿಂತಿದ್ದಾರೆ. ಎಂಟು ಹತ್ತು ಜನ. ಎಲ್ಲರೂ ಬಗ್ಗಿ ಕೆಳಗೆ ನೋಡುತ್ತಿದ್ದಾರೆ. ಒಂದು ಹೆಂಗಸಿನ ದನಿ ಚೀರುತ್ತಿದೆ. ಅಣ್ಣ ಬೈಕು ನಿಧಾನ ಮಾಡಿದ. ಅವ್ವನ ಕೈ ನನ್ನ ಭುಜ ಹಿಡಿಯಿತು. ಬೈಕು ನಿಲ್ಲುವ ಮೊದಲೇ ನಾನು ಹಾರಿ ಓಡಿದೆ. ತಟ್ಟೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಉತ್ತ ಮಣ್ಣಿನಲ್ಲಿ ಕಾಲು ಹೂತುಹೋಗುತ್ತಿತ್ತು. ಜನರ ನಡುವೆ ನುಗ್ಗಿದೆ.

ನಡುವೆ ಒಂದು ಕುರಿ ಮಲಗಿತ್ತು. ಕಾಲು ಕಟ್ಟಿದ್ದರು. ಮೇಲೆ ಕೂತು ಒಬ್ಬ ಮುದುಕ ದೊಡ್ಡ ಕತ್ತರಿಯಲ್ಲಿ ಉಣ್ಣೆ ಕತ್ತರಿಸುತ್ತಿದ್ದ. ಉಳಿದವರು ಅದನ್ನು ನೋಡುತ್ತಾ, ತಮ್ಮ ಕುರಿ ಹಿಡಿದುಕೊಂಡು ಕಾಯುತ್ತಿದ್ದರು. ಚೀರುತ್ತಿದ್ದವಳು ಪಾತಮ್ಮ. ಅವಳ ಮುಂದೆ, ಉರುಳಿದ ಅಂಬಲಿ ಗಡಿಗೆಯ ಪಕ್ಕದಲ್ಲಿ, ಗಲ್ಲಕ್ಕೆ ಒಂದು ಹಿಡಿ ಕರಿ ಉಣ್ಣೆಯನ್ನು ಗಡ್ಡದಂತೆ ಹಿಡಿದುಕೊಂಡು ಒಂದು ಕೂಸು ನಿಂತಿತ್ತು.

“ಇದು ಸೌಂದರ್ಯನಾ?” ಎಂದು ಕೇಳಿದೆ.

“ಇವ್ಳೇ ನೋಡವ್ವ ಆ ಸೌಂದರ್ಯ! ಎಲ್ರ ಅಂಬಲಿನೂ ಮಣ್ಣಿಗೆ ಕುಡಿಸ್ಯಾಳೆ,” ಎಂದಳು ಪಾತಮ್ಮ. ನಾನು ಅಲ್ಲೇ ಕೂತುಬಿಟ್ಟೆ. ಹುಡುಗಿ ನನ್ನ ಹತ್ತಿರ ಬಂದು ನನ್ನ ಗಲ್ಲಕ್ಕೂ ಸ್ವಲ್ಪ ಗಡ್ಡ ಅಂಟಿಸಲು ನೋಡಿದಳು. ಉಣ್ಣೆ ಬೆವರಿಗೆ ಅಂಟಿಕೊಂಡಿತು.

ಅಷ್ಟರಲ್ಲಿ ಅವ್ವ, ಅಣ್ಣ ಬಂದರು. ಬೋರಿನ ಮಾತು ತೆಗೆದದ್ದು ಅವ್ವ. ದೊಡ್ಡಪಾಲಯ್ಯ ಕತ್ತರಿ ನಿಲ್ಲಿಸಲಿಲ್ಲ.

“ಓ, ಆ ಬೋರಾ? ಮೊನ್ನೆ ಹೊತ್ತಾರೆ ಒಂದು ಮರಿ ಕಾಲು ಇಳೀತು, ನಿಂಗಕ್ಕಾ. ಹಿಂಗಾಲು ಹಿಡ್ದು ಎಳ್ಕಂಡೆ. ನೋಡ್ತೀನಿ, ಬರೀ ಗೋಣಿಚೀಲ, ಮುಚ್ಚಳ ಇಲ್ಲ. ಬಂಡೆ ಉಳ್ಳಿಸಿ ಸುತ್ತ ಮುಳ್ಳು ಹಾಕೀನಿ. ಯಾವ ಗೂಬೆ ಕಿತ್ಕಂಡು ಹೋತೋ, ಅದ್ರ ಕೈ ಸೇದಿಹೋಗ್ಲಿ.”

ಅಣ್ಣ ನನ್ನ ಕಡೆ ನೋಡಿದ. ಬೇರೆ ಯಾರೂ ನೋಡುತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ನಾನೇ, ತಾತಾ,” ಎಂದೆ. “ಯುದ್ಧಕ್ಕೆ ಅಂತ ತಗೊಂಡು ಹೋದೆ.”

“ಯುದ್ಧಕ್ಕಾ?” ಕತ್ತರಿ ನಿಂತಿತು. ಮುದುಕ ನಕ್ಕ ರಭಸಕ್ಕೆ ಕುರಿಯೂ ಅಲುಗಿತು. “ಬೋರ್ ಮುಚ್ಚಳ ಇಟ್ಕಂಡು ಎಂಥ ಯುದ್ಧ ಮಾಡ್ತಾರಮ್ಮಾಯಿ?”

ಎಲ್ಲರೂ ನಕ್ಕರು. ಅವನೇ ಮೊದಲು ನಿಲ್ಲಿಸಿದ. “ನಗೋ ಮಾತಲ್ಲ ಬಿಡು. ಆ ಮರಿ ಹಿಂದೆ ಈ ಕೂಸು ಓಡಿ ಬರ್ತಿತ್ತು. ಹತ್ತು ಹೆಜ್ಜೆ ಐತೋ ಇಲ್ಲೋ.”

ಅವನು ಕುರಿಯ ಕಾಲು ಬಿಚ್ಚಿ ಎದ್ದು ನಿಂತ. “ಕೈ ಸೇದಿಹೋಗ್ಲಿ ಅಂದ್ನಲ್ಲ, ಅದನ್ನ ವಾಪಸ್ ತಗಂಡೀನಿ. ಕೈ ಬೇಕಾಗೈತೆ. ಬಾ, ಬಂಡೆ ಹಿಡಿ.”

ಬಂಡೆ ಸರಿಸಿದೆವು. ಬಾಯಿ ಒಂದೂವರೆ ಅಡಿ ಇರಬಹುದು. ಒಂದು ಹರಳು ಹಾಕಿ ಕಿವಿಗೊಟ್ಟೆ. ಬಹಳ ಹೊತ್ತು ತಟ್ಟುತ್ತಾ ತಟ್ಟುತ್ತಾ ಇಳಿಯಿತು, ನೀರಿನ ಸದ್ದು ಬರಲೇ ಇಲ್ಲ. ಅಣ್ಣ ಹುಡುಕಿ ತಂದ ತಟ್ಟೆ ಇಟ್ಟು, ಮೇಲೆ ಅದೇ ಬಂಡೆ ಹೇರಿ, ಮುಳ್ಳನ್ನು ಮತ್ತೆ ಎಳೆದೆವು.

ಅವ್ವ ಅಲ್ಲಿ ಬಯ್ಯಲಿಲ್ಲ. ಮನೆಗೆ ಬಂದ ಮೇಲೆ ಬೈದಳು. ಮುಚ್ಚಳ ತೆಗೆದದ್ದಕ್ಕಲ್ಲ, ನಿನ್ನೆ ಬಾಯಿ ಬಿಡದೇ ಇದ್ದುದಕ್ಕೆ. ಆಮೇಲೆ ತಣ್ಣಗಾದ ಮುದ್ದೆಯನ್ನು ಇಬ್ಬರೂ ತಿಂದೆವು. ಎರಡು ಮುದ್ದೆ ತಿಂದೆ.

ಮೇ 13, ಮಂಗಳವಾರ

ಮಧ್ಯಾಹ್ನದವರೆಗೆ ನಿದ್ದೆ. ದಿವ್ಯಾಳ ಅಣ್ಣ ಫೋನ್ ಮಾಡಿದನಂತೆ. ಅಲ್ಲಿ ಸೊಳ್ಳೆ ಜಾಸ್ತಿ ಎಂದು ಹೇಳಿದನಂತೆ, ಅಷ್ಟೇ.

ಮೇ 16, ಶುಕ್ರವಾರ

ಮೂರು ದಿನದಿಂದ ಬೆಳಿಗ್ಗೆ ದೊಡ್ಡಪಾಲಯ್ಯ ತಾತನ ಹಿಂದೆ ಸುತ್ತುತ್ತಿದ್ದೇನೆ. ಮಂದೆ ಹಾಕುತ್ತಾ ತಿರುಗುವವನಿಗೆ ಸುತ್ತಲಿನ ಒಂದೊಂದು ಬೋರೂ ಗೊತ್ತು. ಯಾರದು, ಯಾವ ವರ್ಷ ಬತ್ತಿತು, ಅದರ ಮೇಲೆ ಏನು ಮುಚ್ಚಿದ್ದಾರೆ. ಒಂದಕ್ಕೆ ಒಡೆದ ಗಡಿಗೆ, ಒಂದಕ್ಕೆ ಬರೀ ಮುಳ್ಳು, ಒಂದಕ್ಕೆ ಚಪ್ಪಡಿ. ಹನ್ನೊಂದು ನೋಡಿದೆವು. ಅದರಲ್ಲಿ ಏಳಕ್ಕೆ ನಂಬುವಂಥ ಮುಚ್ಚಳ ಇಲ್ಲ.

ಏಳರಲ್ಲಿ ಎರಡು ಜಯದೇವಪ್ಪನವರವು. ಅವರ ಮನೆಗೆ ಹೋಗಿ ಹೇಳಿದೆ. ಅವರ ಹೆಂಡತಿ ತಿಪ್ಪೇರುದ್ರಮ್ಮನವರು ರೊಟ್ಟಿ ಬಡಿಯುತ್ತಿದ್ದರು, ಇವರು ಊಟಕ್ಕೆ ಕೂತಿದ್ದರು.

“ನಮ್ಮ ಹೊಲದ ಬೋರಿಗೆ ನೀನು ಬುದ್ಧಿ ಹೇಳೋಕೆ ಬಂದ್ಯಾ? ಮುಚ್ಚಳ ಕದ್ದೋಳು ನೀನೇ ಅಂತಲ್ಲ?”

“ಹೂಂರಿ, ನಾನೇ. ಅದಕ್ಕೇ ಬಂದೆ. ನನ್ನಂಥೋಳು ಎತ್ತಿದ್ರೆ ಬರೋ ಮುಚ್ಚಳ ಮುಚ್ಚಳ ಅಲ್ಲ.”

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಎದ್ದು ಹೋಗು ಎನ್ನುತ್ತಾರೆ ಎಂದು ಕಾದೆ.

“ಮಣ್ಣು ತುಂಬಿಸಿ ಕಾಯಂ ಮುಚ್ಚಬಹುದಿತ್ತು,” ಎಂದರು, ನನಗಲ್ಲ, ಹೆಂಡತಿಗೆ ಹೇಳುವ ಹಾಗೆ. “ಮನಸು ಬರ್ಲಿಲ್ಲ. ಒಂದು ಒಳ್ಳೆ ಮಳೆ ಆದ್ರೆ ಮತ್ತೆ ನೀರು ಮ್ಯಾಲೆ ಬರ್ತೈತೇನೋ ಅಂತ. ಮುಚ್ಚಿಬಿಟ್ರೆ ಆತಲ್ಲ, ಇಲ್ಲ ಅಂತ ನಾವೇ ಒಪ್ಪಿಕಂಡಂಗೆ.”

“ನೀರು ಬಂದ್ರೆ ಮುಚ್ಚಳ ತೆಗೆಯಾಣ. ಅಲ್ಲೀತನಕ ಗಟ್ಟಿಯಾಗಿ ಮುಚ್ಚಾಣ,” ಎಂದೆ.

“ಮೊದ್ಲು ಕುಂತ್ಕ, ರೊಟ್ಟಿ ತಿನ್ನು,” ಎಂದರು ತಿಪ್ಪೇರುದ್ರಮ್ಮನವರು.

ಮೇ 17, ಶನಿವಾರ

ಜನ ತೆಗೆದುಕೊಂಡು ಹೋದ ಮೇಲೂ ಶಾಲೆಯ ಕಾಂಪೌಂಡಿನಲ್ಲಿ ಯಾರಿಗೂ ಬೇಡವಾದ ತಗಡು, ಪಟ್ಟಿ, ಸರಳು ಉಳಿದಿದ್ದವು. ಅದನ್ನು ಟ್ರೇಲರಿಗೆ ಹಾಕಿಕೊಂಡು ಚಿರಂಜೀವಿ ಅಣ್ಣನೂ ನಾನೂ ಚಳ್ಳಕೆರೆಗೆ ಹೋದೆವು. ಬಳ್ಳಾರಿ ರಸ್ತೆಯಲ್ಲಿ ಅವನಿಗೆ ಗೊತ್ತಿರುವ ಒಂದು ವೆಲ್ಡಿಂಗ್ ಅಂಗಡಿ ಇದೆ.

“ಏನ್ ಭಾಯ್, ಟ್ಯಾಂಕ್ ಮಾಡ್ಬೇಕಾ?” ಎಂದ ವೆಲ್ಡಿಂಗ್ ಮಾಡುವವನು. ಯುದ್ಧದ ಕಥೆಯನ್ನು ಅಣ್ಣ ಹೇಳಿದ. ತಟ್ಟೆಯ ವಿಷಯ ಬಂದಾಗ ನಾನೇ ಮುಂದೆ ಬಂದು ಹೇಳಿದೆ. ಅಣ್ಣ ಹೇಳಿದರೆ ಅದನ್ನು ಎಳೆದು ಎಳೆದು ಹೇಳುತ್ತಾನೆ.

ನಾಲ್ಕು ಮುಚ್ಚಳ ಆದವು. ಒಂದೊಂದಕ್ಕೂ ಕೆಳಗೆ ಒಳಗಿಳಿಯುವ ಬಳೆ, ಪಕ್ಕಕ್ಕೆ ನೆಲಕ್ಕೆ ಬಡಿಯುವ ಎರಡು ಗೂಟ. ಯಾರೂ ಸುಮ್ಮನೆ ಎತ್ತಿಕೊಂಡು ಹೋಗುವ ಹಾಗಿಲ್ಲ. ಬರುವಾಗ ನಾಲ್ಕರ ಮೇಲೂ ಕಾಲಿಟ್ಟುಕೊಂಡು ಕೂತಿದ್ದೆ. ಟ್ರ್ಯಾಕ್ಟರ್ ಆರು ಸಲ ಕಾಯಿತು. ಪ್ರತಿ ಸಲವೂ ಇಳಿದು ಅಲ್ಲಿಂದ ಯಾವ ಗುಡ್ಡ ಕಾಣುತ್ತದೆ ಎಂದು ಅಣ್ಣನನ್ನು ಕೇಳಿದೆ.

ಮೇ 20, ಮಂಗಳವಾರ

ನಾಲ್ಕೂ ಮುಚ್ಚಳ ಹಾಕಿ ಆಯಿತು. ಕೊನೆಯದಕ್ಕೆ ಜಯದೇವಪ್ಪನವರೇ ಬಂದು ಗೂಟ ಹೊಡೆದರು.

ನಾಳೆ ಬೆಳಿಗ್ಗೆ ಹಾಸ್ಟೆಲ್ಲಿಗೆ ಬಸ್ಸು. ಹೋಗುವ ದಾರಿಯಲ್ಲಿ ಪಂಚಾಯಿತಿಗೆ ಕೊಡಬೇಕಾದ ಅರ್ಜಿಯನ್ನು ಬರೆದಿದ್ದೇನೆ. ಅವ್ವ ಓದಿಸಿ ಕೇಳಿ, “ಇಷ್ಟುದ್ದ ಬ್ಯಾಡ, ಅವ್ರು ಓದಾದಿಲ್ಲ,” ಎಂದಳು. ಮೂರು ಸಲ ಕಡಿಮೆ ಮಾಡಿದೆ. ನನ್ನ ಬಳಿಯೂ ಒಂದು ಪ್ರತಿ ಇರಲಿ ಎಂದು ಇಲ್ಲಿ ಇಳಿಸುತ್ತಿದ್ದೇನೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ,

ನಮ್ಮ ಹಟ್ಟಿಯ ಸುತ್ತ ಬತ್ತಿ ಹೋದ ಏಳು ಕೊಳವೆಬಾವಿಗಳ ಬಾಯಿ ತೆರೆದಿತ್ತು. ನಾಲ್ಕನ್ನು ಊರಿನವರೇ ಮುಚ್ಚಿದ್ದೇವೆ. ಉಳಿದ ಮೂರು ಗೋಮಾಳದಲ್ಲಿವೆ, ಕುಡಿಯುವ ನೀರಿಗೆಂದು ಹಿಂದೆ ಕೊರೆಸಿದವು. ಅವು ಯಾರ ಹೊಲಕ್ಕೂ ಸೇರಿಲ್ಲ. ಒಂದು ಶಾಲೆಗೆ ಹೋಗುವ ಕಾಲುದಾರಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದೆ. ಸದ್ಯಕ್ಕೆ ಮುಳ್ಳು ಹಾಕಿದ್ದೇವೆ. ಮುಳ್ಳನ್ನು ಸೌದೆಗೆ ಎಳೆದುಕೊಂಡು ಹೋಗುತ್ತಾರೆ. ಇನ್ನು ಎರಡು ವಾರದಲ್ಲಿ ಮಳೆ ಬೀಳುತ್ತದೆ. ಹುಲ್ಲು ಬಂದರೆ ಬಾಯಿ ಕಾಣುವುದಿಲ್ಲ, ಹುಲ್ಲು ಕಂಡರೆ ಕುರಿಗಳು ಅಲ್ಲಿಗೇ ಬರುತ್ತವೆ, ಕುರಿಗಳ ಹಿಂದೆ ಮಕ್ಕಳು ಬರುತ್ತಾರೆ. ಜಾಗ ತೋರಿಸಲು ದೊಡ್ಡಪಾಲಯ್ಯನವರು ಯಾವ ದಿನ ಕರೆದರೂ ಬರುತ್ತಾರೆ. ನನ್ನ ಫೋನ್ ನಂಬರನ್ನು ಕೆಳಗೆ ಬರೆದಿದ್ದೇನೆ. ಯಾವತ್ತು ಮುಚ್ಚಿಸುತ್ತೀರಿ ಎಂದು ದಯವಿಟ್ಟು ಬೇಗ ತಿಳಿಸಿ.